ಲಘು ವಿಮಾನಗಳ ಚಕ್ರಗಳ ಅಲೈನ್‌ಮೆಂಟ್ ಮತ್ತು ಟೈರ್ ಸವೆತ: ದೋಷವನ್ನು ಪತ್ತೆ ಹಚ್ಚುವ ಕ್ರಮ

ಪೀಠಿಕೆ

ವೈಮಾನಿಕ ತರಬೇತಿಗೆ ಬಳಸಲಾಗುವ ಲಘು ವಿಮಾನಗಳಲ್ಲಿ ಅತಿ ಬೇಗನೆ ಸವೆದು ಬದಲಾವಣೆಗೆ ಬರುವ ಭಾಗಗಳಲ್ಲಿ ಟೈರ್ ಒಂದಾಗಿರುತ್ತದೆ. ಸವೆದ ಟೈರನ್ನು ತೆಗೆದು, ಹೊಸದನ್ನು ಹಾಕಿ, ವಿಮಾನವನ್ನು ಪುನಃ ಹಾರಾಟಕ್ಕೆ ಬಿಡುವುದು ಸಾಮಾನ್ಯವಾದ ರೂಢಿ. ಟೈರು ಅಗಲದುದ್ದಕ್ಕೂ ಸಮನಾಗಿ ಸವೆದಿದ್ದಲ್ಲಿ ಈ ರೂಢಿಯಿಂದ ತೊಂದರೆಯಿಲ್ಲ. ಆದರೆ ಒಂದೇ ಅಂಚಿನಲ್ಲಿ, ಒಂದೇ ಕಡೆಯ ಚಕ್ರದಲ್ಲಿ ಅಥವಾ ಒಂದೇ ಜಾಗದಲ್ಲಿ ಸವೆದಿದ್ದಲ್ಲಿ, ಹೊಸ ಟೈರೂ ಅದೇ ರೀತಿಯಲ್ಲಿ ಸವೆಯುವುದು ನಿಶ್ಚಿತ. ಅಷ್ಟೇ ಅಲ್ಲದೆ, ಸವೆತಕ್ಕೆ ಕಾರಣವಾದ ದೋಷವು ಲ್ಯಾಂಡಿಂಗ್ ಗೇರಿನಲ್ಲಿಯೇ ಉಳಿದುಕೊಂಡು, ಮುಂದೊಂದು ದಿನ ವಿಮಾನವು ರನ್‌ವೇಯಿಂದ ಪಕ್ಕಕ್ಕೆ ಎಳೆಯುವುದಕ್ಕೆ ಅಥವಾ ಗೇರಿನ ಭಾಗವೇ ಮುರಿಯುವುದಕ್ಕೆ ಎಡೆಮಾಡಿಕೊಡಬಹುದು.

ಆದ್ದರಿಂದ ಸವೆದ ಟೈರನ್ನು ಗುಜರಿಗೆ ಹಾಕುವ ಮುನ್ನ ಅದನ್ನು ಓದಬೇಕಾಗುತ್ತದೆ. ಲೆಕ್ಕಪತ್ರದಲ್ಲಿ ಒಂದು ಬಾಬಿನ ವೆಚ್ಚ ಪದೇ ಪದೇ ಹೆಚ್ಚಾಗಿ ಕಂಡುಬಂದರೆ ಅದರ ಮೂಲವನ್ನು ಹುಡುಕುವಂತೆಯೇ ಇದು. ವಿಮಾನ ತರಬೇತಿ ಸಂಸ್ಥೆಗಳು, ಶಿಕ್ಷಣಾರ್ಥಿಗಳು, ಅವರ ಪೋಷಕರು ಮತ್ತು ಖಾಸಗಿ ವಿಮಾನ ಮಾಲೀಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಇದು ವಿಮಾನ ತಯಾರಕರ ನಿರ್ವಹಣಾ ಕೈಪಿಡಿಗೆ ಪರ್ಯಾಯವಲ್ಲ ಎಂಬುದನ್ನು ಗಮನಿಸತಕ್ಕದ್ದು.

ತರಬೇತಿ ವಿಮಾನದ ಟೈರು ಬೇಗ ಸವೆಯುವುದೇಕೆ

ಹಾರಾಟದಲ್ಲಿ ಚಕ್ರವು ತಿರುಗುತ್ತಿರುವುದಿಲ್ಲ. ರನ್‌ವೇಯನ್ನು ಮುಟ್ಟಿದ ಕ್ಷಣದಲ್ಲಿ ನಿಶ್ಚಲವಾಗಿರುವ ಟೈರು ಒಮ್ಮೆಲೇ ವಿಮಾನದ ವೇಗಕ್ಕೆ ತಿರುಗಬೇಕಾಗುತ್ತದೆ. ಅಷ್ಟು ಹೊತ್ತು ಅದು ಉರುಳುವುದಿಲ್ಲ, ಉಜ್ಜುತ್ತದೆ. ಪ್ರಯಾಣಕ್ಕಾಗಿ ಹಾರುವ ವಿಮಾನವು ಎರಡು ಗಂಟೆಗೆ ಒಮ್ಮೆ ಇಳಿದರೆ, ಇಳಿದ ಕೂಡಲೇ ಮೇಲೇರುವ ಅಭ್ಯಾಸದಲ್ಲಿ ತೊಡಗಿದ ತರಬೇತಿ ವಿಮಾನವು ಒಂದೇ ಗಂಟೆಯಲ್ಲಿ ಆರೇಳು ಬಾರಿ ಇಳಿಯುತ್ತದೆ. ಇಳಿಸುತ್ತಿರುವವರು ಕಲಿಯುತ್ತಿರುವವರೇ ಆದ್ದರಿಂದ ಎಲ್ಲ ಇಳಿತಗಳೂ ಮೃದುವಾಗಿರುತ್ತವೆಂದು ನಿರೀಕ್ಷಿಸುವಂತಿಲ್ಲ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಅಂಶವೂ ಸೇರುತ್ತದೆ. ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇರುವ ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಿಮೆ. ವೇಗಮಾಪಕದಲ್ಲಿ ಕಾಣುವ ವೇಗ ಅಷ್ಟೇ ಇದ್ದರೂ ನೆಲದ ಮೇಲಿನ ನಿಜವಾದ ವೇಗ ಹೆಚ್ಚಿರುತ್ತದೆ. ಬೇಸಿಗೆಯ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವಿದ್ದಾಗ ಈ ಹೆಚ್ಚಳವು ಶೇಕಡಾ 8ರಷ್ಟಾಗುತ್ತದೆ. ವೇಗವು ಶೇಕಡಾ 8ರಷ್ಟು ಹೆಚ್ಚಿದರೆ ನಿಲ್ಲಿಸಲು ಬ್ರೇಕು ಹೀರಬೇಕಾದ ಶಕ್ತಿ ಸುಮಾರು ಶೇಕಡಾ 17ರಷ್ಟು ಹೆಚ್ಚುತ್ತದೆ. ಸಮುದ್ರತೀರದ ವಿಮಾನ ನಿಲ್ದಾಣದಲ್ಲಿ ಟೈರು ಎಷ್ಟು ಇಳಿತಗಳಿಗೆ ಬಾಳಿಕೆ ಬರುತ್ತದೆಯೋ ಅಷ್ಟೇ ಬಾಳಿಕೆಯನ್ನು ಇಲ್ಲಿ ನಿರೀಕ್ಷಿಸುವುದು ಸರಿಯಲ್ಲ.

ಟೋ ಮತ್ತು ಕ್ಯಾಂಬರ್ ಎಂದರೇನು

ಚಕ್ರಗಳ ಅಲೈನ್‌ಮೆಂಟ್ ಎಂಬುದು ಮುಖ್ಯವಾಗಿ ಎರಡು ಕೋನಗಳಿಗೆ ಸಂಬಂಧಿಸಿದೆ. ವಿಮಾನವನ್ನು ಮೇಲಿನಿಂದ ನೋಡಿದಾಗ ಎರಡು ಮುಖ್ಯ ಚಕ್ರಗಳ ಮುಂದಿನ ಅಂಚುಗಳು ಹಿಂದಿನ ಅಂಚುಗಳಿಗಿಂತ ಪರಸ್ಪರ ಹತ್ತಿರವಾಗಿದ್ದರೆ ಅದನ್ನು ಟೋ-ಇನ್ ಎಂದೂ, ದೂರವಾಗಿದ್ದರೆ ಟೋ-ಔಟ್ ಎಂದೂ ಕರೆಯಲಾಗುತ್ತದೆ. ವಿಮಾನವನ್ನು ಎದುರಿನಿಂದ ನೋಡಿದಾಗ ಚಕ್ರದ ಮೇಲ್ಭಾಗವು ಹೊರಕ್ಕೆ ವಾಲಿದ್ದರೆ ಅದು ಧನ ಕ್ಯಾಂಬರ್, ಒಳಕ್ಕೆ ವಾಲಿದ್ದರೆ ಋಣ ಕ್ಯಾಂಬರ್.

ಇವೆರಡರಲ್ಲಿ ಟೈರನ್ನು ಹೆಚ್ಚು ತಿನ್ನುವುದು ಟೋ ದೋಷವೇ. ಓರೆಯಾಗಿ ನಿಂತ ಚಕ್ರವು ಒಂದು ದಿಕ್ಕಿಗೆ ಉರುಳಬಯಸುತ್ತದೆ. ವಿಮಾನವು ಅದನ್ನು ಇನ್ನೊಂದು ದಿಕ್ಕಿಗೆ ಎಳೆದೊಯ್ಯುತ್ತದೆ. ಒಂದು ಡಿಗ್ರಿಯಷ್ಟು ಓರೆಯಾದ ಚಕ್ರವು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 17 ಮೀಟರಿನಷ್ಟು ದೂರ ಅಡ್ಡಲಾಗಿ ಉಜ್ಜಲ್ಪಟ್ಟಿರುತ್ತದೆ. ಅಚ್ಚು ಓರೆಯಾದ ಎತ್ತಿನ ಗಾಡಿಯ ಹಳಿ ಒಂದೇ ಮಗ್ಗುಲಿಗೆ ತೆಳುವಾಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸವೆತವನ್ನು ಓದುವ ಬಗೆ

ಲಘು ವಿಮಾನದ ಟೈರಿನ ಮೇಲ್ಮೈಯಲ್ಲಿ ಸುತ್ತಲೂ ಓಡುವ ರಬ್ಬರಿನ ಪಟ್ಟಿಗಳೂ ಅವುಗಳ ನಡುವೆ ಗ್ರೂವ್‌ಗಳೂ ಇರುತ್ತವೆ. ದೋಷದ ಸ್ವರೂಪವನ್ನು ಮೊದಲು ಕಣ್ಣಿನಿಂದ ನೋಡಿ, ಅನಂತರ ಕೈಯಿಂದ ಸವರಿ ತಿಳಿಯಬೇಕು.

ನಡುಭಾಗ ಮಾತ್ರ ಸವೆದು ಎರಡೂ ಅಂಚುಗಳು ಉಳಿದಿದ್ದರೆ ಗಾಳಿಯ ಒತ್ತಡ ಹೆಚ್ಚಾಗಿತ್ತೆಂದೂ, ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಒತ್ತಡ ಕಡಿಮೆಯಾಗಿತ್ತೆಂದೂ ತಿಳಿಯತಕ್ಕದ್ದು. ಇವೆರಡಕ್ಕೂ ಅಲೈನ್‌ಮೆಂಟಿಗೂ ಸಂಬಂಧವಿಲ್ಲ. ಒಂದೇ ಜಾಗದಲ್ಲಿ ಅಂಡಾಕಾರದ ಚಪ್ಪಟೆ ಕಲೆ ಇದ್ದರೆ ಆ ಚಕ್ರವು ಬ್ರೇಕಿನಿಂದ ಬಿಗಿಹಿಡಿಯಲ್ಪಟ್ಟ ಸ್ಥಿತಿಯಲ್ಲಿ ಜಾರಿದೆ ಎಂದರ್ಥ. ಇಳಿಯುವಾಗ ಪಾದಗಳನ್ನು ರಡ್ಡರ್ ಪೆಡಲಿನ ಮೇಲ್ತುದಿಯಲ್ಲಿ, ಅಂದರೆ ಬ್ರೇಕಿನ ಮೇಲೆಯೇ ಇರಿಸಿಕೊಳ್ಳುವ ಅಭ್ಯಾಸವು ಹೊಸ ಶಿಕ್ಷಣಾರ್ಥಿಗಳಲ್ಲಿ ಸಾಮಾನ್ಯ. ಇದಕ್ಕೆ ಪರಿಹಾರವು ಕಾರ್ಯಾಗಾರದಲ್ಲಿಲ್ಲ, ತರಗತಿಯಲ್ಲಿದೆ.

ಒಂದೇ ಅಂಚು ಸವೆದಿದ್ದರೆ ಮಾತ್ರ ಅಲೈನ್‌ಮೆಂಟಿನ ವಿಚಾರ ಬರುತ್ತದೆ. ಇಲ್ಲಿ ಬೆರಳುಗಳ ಉಪಯೋಗವಿದೆ. ಟೈರಿನ ಮೇಲ್ಮೈಯ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೂ, ಅನಂತರ ಒಳಗಿನಿಂದ ಹೊರಕ್ಕೂ ಮೆಲ್ಲನೆ ಸವರಬೇಕು. ನೈಲಾನ್ ಎಳೆಗಳು ಹೊರಬಂದಿರುವ ಟೈರನ್ನು ಈ ರೀತಿ ಸವರಬಾರದು. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಎದುರು ದಿಕ್ಕಿನಲ್ಲಿ ಪಟ್ಟಿಗಳ ಅಂಚುಗಳು ಚೂಪಾಗಿ ತಗಲುವಂತೆಯೂ ಇದ್ದರೆ, ಟೈರು ಅಡ್ಡಲಾಗಿ ಉಜ್ಜಲ್ಪಟ್ಟಿದೆ. ಅದು ಟೋ ದೋಷದ ಗುರುತು. ಹೊರ ಅಂಚು ಹೆಚ್ಚು ಸವೆದು ಚೂಪಾದ ಅಂಚುಗಳು ಒಳಮುಖವಾಗಿದ್ದರೆ ಟೋ-ಇನ್ ಹೆಚ್ಚಾಗಿದೆ. ಒಳ ಅಂಚು ಸವೆದು ಚೂಪು ಹೊರಮುಖವಾಗಿದ್ದರೆ ಟೋ-ಔಟ್ ಆಗಿದೆ. ಎರಡೂ ದಿಕ್ಕಿನಲ್ಲಿ ನುಣುಪಾಗಿದ್ದು ಒಂದು ಅಂಚು ಮಾತ್ರ ತಗ್ಗಿದ್ದರೆ ಅದು ಕ್ಯಾಂಬರಿನ ಪರಿಣಾಮ. ಈ ಒಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಒಂದು ನಿಮಿಷಕ್ಕಿಂತ ಹೆಚ್ಚು ಸಮಯವೂ ಬೇಡ. ಆದರೂ ಅನೇಕ ಕಡೆ ಇದನ್ನು ಮಾಡದೆಯೇ ಟೈರನ್ನು ಬದಲಾಯಿಸಲಾಗುತ್ತಿರುವುದು ವಿಷಾದನೀಯ.

ಈ ಹಂತದಲ್ಲಿ ಒಂದು ತಪ್ಪು ತೀರ್ಮಾನದ ಬಗ್ಗೆ ಎಚ್ಚರಿಕೆ ಅಗತ್ಯ. ಸೆಸ್ನಾ 152 ಮತ್ತು 172 ಮಾದರಿಗಳಲ್ಲಿ ಮುಖ್ಯ ಗೇರಿನ ಕಾಲುಗಳು ಸ್ಪ್ರಿಂಗ್ ಉಕ್ಕಿನಿಂದ ಮಾಡಿದವು. ಅಮೆರಿಕದ ಸ್ಟೀವ್ ವಿಟ್‌ಮನ್ ಅವರು ರೂಪಿಸಿದ ಈ ಬಗೆಯ ಕಾಲನ್ನು ಸೆಸ್ನಾ ಕಂಪನಿಯು 1940ರ ದಶಕದಿಂದ ಬಳಸುತ್ತಾ ಬಂದಿದೆ. ಭಾರವಿಲ್ಲದಿರುವಾಗ ಈ ಕಾಲುಗಳು ಕೆಳಕ್ಕೂ ಒಳಕ್ಕೂ ಬಾಗಿ, ಚಕ್ರದ ಮೇಲ್ಭಾಗ ಹೊರಕ್ಕೆ ವಾಲುತ್ತದೆ; ಭಾರ ಬಿದ್ದಂತೆ ಕಾಲುಗಳು ಅಗಲವಾಗಿ ಚಕ್ರವು ನೇರವಾಗುತ್ತದೆ. ಒಬ್ಬರೋ ಇಬ್ಬರೋ ಕುಳಿತು, ಕಡಿಮೆ ಇಂಧನದೊಂದಿಗೆ ದಿನವಿಡೀ ಇಳಿಯುವ ತರಬೇತಿ ವಿಮಾನದಲ್ಲಿ ಕಾಲುಗಳು ಪೂರ್ತಿ ಅಗಲವಾಗುವುದೇ ಇಲ್ಲ. ಹೀಗಾಗಿ ಎರಡೂ ಟೈರುಗಳ ಹೊರ ಅಂಚುಗಳು ಸಮನಾಗಿ, ನುಣುಪಾಗಿ ಸವೆಯುತ್ತವೆ. ಇದು ದೋಷವಲ್ಲ, ವಿನ್ಯಾಸದ ಸ್ವಭಾವ. ಇಂತಹ ಟೈರನ್ನು ಗ್ರೂವ್ ಪೂರ್ಣವಾಗಿ ಅಳಿಸಿಹೋಗುವ ಮುನ್ನವೇ ಬಿಚ್ಚಿ, ಪರಿಶೀಲಿಸಿ, ಒಳಮಗ್ಗುಲನ್ನು ಹೊರಕ್ಕೆ ಮಾಡಿ ರಿಮ್ಮಿಗೆ ಮರುಜೋಡಿಸಿದಲ್ಲಿ ಅದರ ಆಯುಷ್ಯವು ಗಮನಾರ್ಹವಾಗಿ ಹೆಚ್ಚುತ್ತದೆ. ಎಡ ಮತ್ತು ಬಲ ಟೈರುಗಳ ಸವೆತವು ಒಂದಕ್ಕೊಂದು ಹೋಲದಿದ್ದಾಗ ಮಾತ್ರ ಅನುಮಾನ ಪಡಬೇಕು.

ರನ್‌ವೇಯಿಂದ ಹೊರಬರುವಾಗ ಪ್ರತಿ ಬಾರಿಯೂ ಒಂದೇ ಕಡೆಗೆ ವೇಗವಾಗಿ ತಿರುಗುವುದು, ಅಥವಾ ಒಂದು ಚಕ್ರವನ್ನು ಬ್ರೇಕಿನಿಂದ ಬಿಗಿಹಿಡಿದು ಅದರ ಮೇಲೆಯೇ ಸುತ್ತುವುದು ಕೂಡ ಒಂದು ಕಡೆಯ ಟೈರನ್ನು ಕೆಡಿಸುತ್ತದೆ. ಇದನ್ನು ಅಲೈನ್‌ಮೆಂಟಿನ ದೋಷವೆಂದು ತಿಳಿದು ಗೇರನ್ನು ಬಿಚ್ಚಿದರೆ ಸರಿಯಿದ್ದುದೂ ಕೆಡಬಹುದು.

ಅಳತೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ವಿಮಾನವು ಒಂದು ಕಡೆಗೆ ಎಳೆಯುತ್ತದೆ ಎಂಬ ದೂರು ಬಂದ ಕೂಡಲೇ ಅಲೈನ್‌ಮೆಂಟಿಗೆ ಕೈ ಹಾಕುವುದು ಸೂಕ್ತವಲ್ಲ. ಸುಲಭವಾದುದನ್ನೂ ವೆಚ್ಚವಿಲ್ಲದುದನ್ನೂ ಮೊದಲು ನೋಡತಕ್ಕದ್ದು.

ಎಲ್ಲಕ್ಕಿಂತ ಮೊದಲು ಗಾಳಿಯ ಒತ್ತಡ. ಸೆಸ್ನಾ 152 ಮತ್ತು ಸೆಸ್ನಾ 172ಎಸ್ ಎರಡರಲ್ಲಿಯೂ ಮುಖ್ಯ ಚಕ್ರಕ್ಕೆ 6.00-6 ಅಳತೆಯ ಟೈರನ್ನೇ ಬಳಸಲಾಗುತ್ತದೆ. ಆದರೆ ಮೊದಲನೆಯದಕ್ಕೆ ನಿಗದಿಯಾದ ಒತ್ತಡ 21 ಪಿಎಸ್‌ಐ, ಎರಡನೆಯದಕ್ಕೆ 42 ಪಿಎಸ್‌ಐ. ಎರಡೂ ಮಾದರಿಗಳು ಒಂದೇ ಹ್ಯಾಂಗರಿನಲ್ಲಿರುವಲ್ಲಿ, ಟೈರಿನ ಅಳತೆಯನ್ನು ಮಾತ್ರ ನೋಡಿ ಗಾಳಿ ತುಂಬಿದರೆ ಒಂದರಲ್ಲಿ ಇರಬೇಕಾದುದರ ಎರಡರಷ್ಟು ಅಥವಾ ಇನ್ನೊಂದರಲ್ಲಿ ಅರ್ಧದಷ್ಟು ಗಾಳಿ ಇರುತ್ತದೆ. ಮುಂದಿನ ಚಕ್ರದ ಒತ್ತಡವೂ ಬೇರೆಯೇ. 152ರಲ್ಲಿ 30 ಪಿಎಸ್‌ಐ, 172ಎಸ್‌ನಲ್ಲಿ 45 ಪಿಎಸ್‌ಐ. ಪ್ರತಿಯೊಂದು ವಿಮಾನದ ಚಕ್ರದ ಬಳಿ ನಿಗದಿತ ಒತ್ತಡವನ್ನು ಬರೆದಿರಿಸುವುದು ಅಲ್ಪವೆಚ್ಚದ ಮುನ್ನೆಚ್ಚರಿಕೆ.

ಒತ್ತಡವನ್ನು ಟೈರು ತಣ್ಣಗಿರುವಾಗ, ಅಂದರೆ ಇಳಿದು ಕನಿಷ್ಠ ಎರಡು ಮೂರು ಗಂಟೆಗಳ ನಂತರ ಅಳೆಯಬೇಕು. ಉಷ್ಣಾಂಶವು 3 ಡಿಗ್ರಿ ಸೆಲ್ಸಿಯಸ್ ಬದಲಾದರೆ ಒತ್ತಡವು ಸುಮಾರು ಶೇಕಡಾ 1ರಷ್ಟು ಬದಲಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸರಿಯಾಗಿ ಕಂಡ ಒತ್ತಡವು ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಕಡಿಮೆಯಾಗಿರಲು ಇದೇ ಕಾರಣ. ಕಣ್ಣಂದಾಜು ಅಥವಾ ಟೈರಿಗೆ ಕಾಲಿನಿಂದ ಒದ್ದು ನೋಡುವ ಪದ್ಧತಿಯಿಂದ ಏನೂ ತಿಳಿಯುವುದಿಲ್ಲ.

ಒತ್ತಡ ಸರಿಯಿದ್ದಲ್ಲಿ, ವಿಮಾನವನ್ನು ಜಾಕಿನ ಮೇಲೆ ಎತ್ತಿ ಪ್ರತಿಯೊಂದು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಒಂದು ಚಕ್ರ ಸಲೀಸಾಗಿ ತಿರುಗಿ ಇನ್ನೊಂದು ಬಿಗಿಯಾಗಿದ್ದರೆ ಬ್ರೇಕು ಪೂರ್ತಿ ಬಿಡುಗಡೆಯಾಗುತ್ತಿಲ್ಲ. ಬ್ರೇಕಿನ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಮುಕ್ತವಾಗಿ ಜಾರಬೇಕು. ಧೂಳು ಮತ್ತು ತುಕ್ಕು ಸೇರಿದಾಗ ಅದು ಅಂಟಿಕೊಳ್ಳುತ್ತದೆ. ಬ್ರೇಕು ಎಳೆಯುವ ಚಕ್ರದ ಡಿಸ್ಕು ಇನ್ನೊಂದಕ್ಕಿಂತ ಬಿಸಿಯಾಗಿ, ಬಣ್ಣ ಬದಲಾಗಿರುವುದೂ ಉಂಟು. ಟೈರನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡುಬಂದರೆ ಚಕ್ರದ ಬೇರಿಂಗನ್ನು ಬಿಚ್ಚಿ, ತೊಳೆದು, ಪರೀಕ್ಷಿಸತಕ್ಕದ್ದು. ಸಡಿಲ ಬೇರಿಂಗ್ ಇರುವಾಗ ತೆಗೆದ ಅಲೈನ್‌ಮೆಂಟಿನ ಅಳತೆಗೆ ಬೆಲೆಯಿಲ್ಲ.

ಮುಂದಿನ ಚಕ್ರ ನಡುಗುತ್ತದೆ ಎಂಬ ದೂರನ್ನು ಪ್ರತ್ಯೇಕವಾಗಿ ಪರಿಗಣಿಸಬೇಕು. ಇದಕ್ಕೆ ಷಿಮ್ಮಿ ಎಂಬ ಹೆಸರಿದೆ. ಷಿಮ್ಮಿ ಡ್ಯಾಂಪರ್‌ನ ದೋಷ, ಟಾರ್ಕ್ ಲಿಂಕ್‌ಗಳ ಬುಷ್ ಸವೆತ, ಚಕ್ರದ ಅಸಮತೋಲ, ಸಡಿಲ ಬೇರಿಂಗ್ ಇವುಗಳಲ್ಲಿ ಒಂದಾಗಲಿ ಹಲವಾಗಲಿ ಕಾರಣವಿರಬಹುದು. ಡ್ಯಾಂಪರನ್ನು ಮಾತ್ರ ಬದಲಾಯಿಸಿ ಲಿಂಕಿನ ಸಡಿಲವನ್ನು ಹಾಗೆಯೇ ಬಿಟ್ಟಲ್ಲಿ ಕೆಲವೇ ವಾರಗಳಲ್ಲಿ ದೂರು ಮರಳಿ ಬರುತ್ತದೆ.

ಅಲೈನ್‌ಮೆಂಟನ್ನು ಅಳೆಯುವ ಕ್ರಮ

ಸ್ಪ್ರಿಂಗ್ ಕಾಲಿನ ವಿಮಾನವನ್ನು ಜಾಕಿನಿಂದ ಇಳಿಸಿದ ಕೂಡಲೇ ಅಳತೆ ತೆಗೆಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಜಾಕಿನ ಮೇಲಿದ್ದಾಗ ಒಳಕ್ಕೆ ಬಾಗಿದ ಕಾಲುಗಳು ನೆಲಕ್ಕೆ ಬಂದ ಮೇಲೂ ಟೈರಿನ ಹಿಡಿತದಿಂದಾಗಿ ಪೂರ್ತಿ ಅಗಲವಾಗುವುದಿಲ್ಲ. ವಿಮಾನವನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಿದರೆ ಒಂದು ಅಳತೆ, ಮುಂದಕ್ಕೆ ಎಳೆದು ನಿಲ್ಲಿಸಿದರೆ ಇನ್ನೊಂದು ಅಳತೆ ಬರುತ್ತದೆ. ಟೋ-ಇನ್ ಇರುವ ಚಕ್ರಗಳು ಮುಂದಕ್ಕೆ ಉರುಳುವಾಗ ಒಂದರತ್ತ ಒಂದು ಸರಿಯುತ್ತವೆ, ಹಿಂದಕ್ಕೆ ಉರುಳುವಾಗ ಅಗಲುತ್ತವೆ.

ಈ ತೊಡಕನ್ನು ನಿವಾರಿಸಲು ಸರಳ ಉಪಾಯವಿದೆ. ಸುಮಾರು ಒಂದೂವರೆ ಅಡಿ ಚದರದ ಎರಡೆರಡು ಅಲ್ಯೂಮಿನಿಯಂ ತಗಡುಗಳ ನಡುವೆ ಗ್ರೀಸ್ ಹಚ್ಚಿ, ಒಂದೊಂದು ಜೋಡಿಯನ್ನು ಒಂದೊಂದು ಮುಖ್ಯ ಚಕ್ರದ ಕೆಳಗೆ ಇರಿಸಬೇಕು. ಬ್ರೇಕ್ ಬಿಟ್ಟಿರಬೇಕು. ಅನಂತರ ವಿಮಾನವನ್ನು ಮೆಲ್ಲನೆ ಅಲುಗಾಡಿಸಿದರೆ ತಗಡುಗಳು ಒಂದರ ಮೇಲೊಂದು ಜಾರಿ, ಕಾಲುಗಳು ತಮ್ಮ ಸಹಜ ಸ್ಥಿತಿಗೆ ಬರುತ್ತವೆ. ನೆಲವು ಸಮತಟ್ಟಾಗಿರಬೇಕು, ಟೈರುಗಳ ಒತ್ತಡ ನಿಗದಿತವಾಗಿರಬೇಕು, ಮತ್ತು ವಿಮಾನದ ತೂಕ ಹಾಗೂ ಇಂಧನದ ಪ್ರಮಾಣವು ಆ ಮಾದರಿಯ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು. ಖಾಲಿ ವಿಮಾನದ ಅಳತೆಯನ್ನು ಪೂರ್ಣ ತೂಕದ ಅಂಕಿಗಳೊಂದಿಗೆ ಹೋಲಿಸಿ ತಪ್ಪೆಂದು ಘೋಷಿಸಿದ ಪ್ರಸಂಗಗಳು ಅಪರೂಪವಲ್ಲ.

ಮುಂದೆ, ಎರಡೂ ಮುಖ್ಯ ಚಕ್ರಗಳ ಮುಂಭಾಗದಲ್ಲಿ ಒಂದು ಉದ್ದನೆಯ ನೇರಪಟ್ಟಿಯನ್ನು ಅಡ್ಡಲಾಗಿ ಇರಿಸಿ, ಅದಕ್ಕೆ ಬಡಗಿಯ ಮೂಲೆಮಟ್ಟವನ್ನು ಒತ್ತಿ ಹಿಡಿದು, ಅದರ ತೋಳು ಚಕ್ರದ ಮಧ್ಯದ ನಟ್ಟಿನ ತುಸು ಕೆಳಗೆ ಬರುವಂತೆ ಮಾಡಬೇಕು. ಮೂಲೆಮಟ್ಟದ ತೋಳಿನಿಂದ ರಿಮ್ಮಿನ ಮುಂದಿನ ಅಂಚಿಗಿರುವ ದೂರ ಮತ್ತು ಹಿಂದಿನ ಅಂಚಿಗಿರುವ ದೂರ, ಇವೆರಡರ ವ್ಯತ್ಯಾಸವೇ ಆ ಚಕ್ರದ ಟೋ. ಸೆಸ್ನಾ 172ರ ಕೈಪಿಡಿಯಲ್ಲಿ ನೀಡಲಾಗಿರುವ ಮಿತಿ ಸೊನ್ನೆಯಿಂದ 0.06 ಅಂಗುಲದಷ್ಟು ಟೋ-ಇನ್. ಇದು ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಸೊಟ್ಟಗಾದ ರಿಮ್ಮಿನ ಮೇಲೆ ತೆಗೆದರೆ ಅರ್ಥವಿಲ್ಲದ್ದರಿಂದ, ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಎರಡನೆಯ ಬಾರಿ ಅಳೆಯುವುದು ಒಳ್ಳೆಯದು. ಎರಡೂ ಬಾರಿ ಬೇರೆ ಬೇರೆ ಅಂಕಿ ಬಂದಲ್ಲಿ ದೋಷ ರಿಮ್ಮಿನದು, ಕಾಲಿನದಲ್ಲ. ಕ್ಯಾಂಬರನ್ನು ರಸಮಟ್ಟವಿರುವ ಕೋನಮಾಪಕವನ್ನು ರಿಮ್ಮಿಗೆ ಲಂಬವಾಗಿ ಹಿಡಿದು ಓದಬಹುದು.

ಶಿಮ್ ಹಾಕುವ ಮುನ್ನ

ಸೆಸ್ನಾ ಮಾದರಿಗಳಲ್ಲಿ ಚಕ್ರದ ಅಚ್ಚು ಮತ್ತು ಗೇರಿನ ಕಾಲಿನ ನಡುವೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದ ಶಿಮ್‌ಗಳನ್ನು ಇರಿಸಿ ಟೋ ಹಾಗೂ ಕ್ಯಾಂಬರನ್ನು ಸರಿಪಡಿಸಲಾಗುತ್ತದೆ. ಯಾವ ಶಿಮ್ಮನ್ನು ಯಾವ ಮುಖವಾಗಿ ಇರಿಸಬೇಕು, ಎಷ್ಟನ್ನು ಒಟ್ಟಾಗಿ ಬಳಸಬಹುದು ಎಂಬುದಕ್ಕೆ ಕೈಪಿಡಿಯಲ್ಲಿ ಕೋಷ್ಟಕವಿರುತ್ತದೆ. ಬಿಚ್ಚುವ ಮುನ್ನ ಈಗಿರುವ ಶಿಮ್ಮಿನ ಸ್ಥಾನವನ್ನು ಗುರುತು ಮಾಡಿಕೊಳ್ಳತಕ್ಕದ್ದು. ಅಚ್ಚನ್ನು ಹಿಡಿದಿರುವ ಬೋಲ್ಟುಗಳೇ ಬ್ರೇಕಿನ ಫಲಕವನ್ನೂ ಹಿಡಿದಿರುತ್ತವಾದ್ದರಿಂದ ಮರುಜೋಡಣೆಯ ನಂತರ ಬ್ರೇಕನ್ನೂ ಪರೀಕ್ಷಿಸಬೇಕಾಗುತ್ತದೆ. ಪೈಪರ್ ಪಿಎ-28 ಮಾದರಿಯಲ್ಲಿ ಮುಖ್ಯ ಗೇರು ಎಣ್ಣೆ ಮತ್ತು ಗಾಳಿಯಿಂದ ಕೆಲಸ ಮಾಡುವ ಸ್ಟ್ರಟ್ ಆಗಿದ್ದು, ಅಲ್ಲಿ ಟಾರ್ಕ್ ಲಿಂಕ್‌ಗಳು ಕೂಡುವಲ್ಲಿನ ವಾಷರ್‌ಗಳನ್ನು ಬದಲಿಸಿ ಟೋವನ್ನು ಹೊಂದಿಸಲಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ವಿನ್ಯಾಸಗೊಳಿಸಿ, 2000ನೇ ಇಸವಿಯಲ್ಲಿ ಪ್ರಮಾಣಪತ್ರ ಪಡೆದ ಹಂಸ-3 ವಿಮಾನಕ್ಕೆ ಅದರದೇ ಕೈಪಿಡಿ ಅನ್ವಯಿಸುತ್ತದೆ.

ಇಲ್ಲಿ ಮುಖ್ಯವಾದ ಪ್ರಶ್ನೆಯೊಂದಿದೆ. ಹಿಂದಿನ ಪರಿಶೀಲನೆಯಲ್ಲಿ ಸರಿಯಿದ್ದ ಅಲೈನ್‌ಮೆಂಟ್ ಈಗ ಹೇಗೆ ಬದಲಾಯಿತು? ಉಕ್ಕಿನ ಕಾಲು ತಾನಾಗಿಯೇ ಓರೆಯಾಗುವುದಿಲ್ಲ. ಬೋಲ್ಟು ಸಡಿಲವಾಗಿರಬಹುದು, ಬೋಲ್ಟಿನ ರಂಧ್ರ ದೊಡ್ಡದಾಗಿರಬಹುದು, ಅಚ್ಚು ಬಾಗಿರಬಹುದು, ಅಥವಾ ಬಿರುಸಾದ ಇಳಿತದಿಂದ ಕಾಲು ಹಿಡಿದಿರುವ ದೇಹದೊಳಗಿನ ಚೌಕಟ್ಟಿಗೇ ಪೆಟ್ಟು ಬಿದ್ದಿರಬಹುದು. ಇದನ್ನು ವಿಚಾರಿಸದೆ ಶಿಮ್ ಹಾಕಿ ಅಂಕಿಯನ್ನು ಸರಿಗೊಳಿಸುವುದೆಂದರೆ, ಲೆಕ್ಕ ತಾಳೆಯಾಗಲಿಲ್ಲವೆಂದು ಕಾರಣ ಹುಡುಕದೆ ಒಂದು ಹೊಂದಾಣಿಕೆ ನಮೂದು ಬರೆದಂತೆ. ಅಂಕಿ ತಾಳೆಯಾಗುತ್ತದೆ, ಬಿರುಕು ಹಾಗೆಯೇ ಇರುತ್ತದೆ.

ಆದಕಾರಣ ಟೋದಲ್ಲಿ ಹಠಾತ್ ಬದಲಾವಣೆ ಕಂಡುಬಂದಾಗ ಲಾಗ್ ಪುಸ್ತಕದಲ್ಲಿ ಬಿರುಸಾದ ಇಳಿತದ ದಾಖಲೆಯಿದೆಯೇ ಎಂದು ನೋಡಬೇಕು, ಮತ್ತು ದಾಖಲೆಯಿಲ್ಲದಿದ್ದರೂ ಆ ಇಳಿತಕ್ಕೆ ನಿಗದಿಯಾದ ಪರಿಶೀಲನೆಯನ್ನು ನಡೆಸುವುದೇ ಕ್ಷೇಮ. ಕಾಲುಗಳು ದೇಹವನ್ನು ಕೂಡುವ ಜಾಗ, ಎಂಜಿನ್ನಿನ ಹಿಂದಿನ ಗೋಡೆಯ ತಗಡಿನಲ್ಲಿ ಸುಕ್ಕು, ಎದ್ದ ರಿವೆಟ್‌ಗಳು, ಬಣ್ಣದಲ್ಲಿ ಕೂದಲೆಳೆಯ ಬಿರುಕು ಇವುಗಳನ್ನು ಬೆಳಕು ಹಿಡಿದು ನೋಡತಕ್ಕದ್ದು. ಕೊಳವೆಯಾಕಾರದ ಉಕ್ಕಿನ ಕಾಲುಗಳಲ್ಲಿ ಹತ್ತುವ ಮೆಟ್ಟಿಲನ್ನು ಅಂಟಿಸಿರುವ ಜಾಗದ ಕೆಳಗೆ ತೇವ ಸೇರಿ ತುಕ್ಕು ಹಿಡಿಯುವುದು ತಿಳಿದಿರುವ ಸಂಗತಿ. ಸ್ಪ್ರಿಂಗ್ ಉಕ್ಕಿನಲ್ಲಿ ತುಕ್ಕಿನ ಒಂದು ಸಣ್ಣ ಗುಳಿಯೂ ಬಿರುಕಿನ ಆರಂಭವಾಗಬಲ್ಲದು. ತಾನು ಬಿರುಸಾಗಿ ಇಳಿಸಿದೆನೆಂದು ಹೇಳಲು ಶಿಕ್ಷಣಾರ್ಥಿ ಹೆದರುವಂತಹ ವಾತಾವರಣವಿದ್ದರೆ ಈ ದಾಖಲೆ ಎಂದಿಗೂ ಸಿಗದು. ಹೇಳಿದವರಿಗೆ ದಂಡನೆಯಿಲ್ಲ ಎಂಬುದನ್ನು ಬೋಧಕರು ಸ್ಪಷ್ಟಪಡಿಸುವುದು ಅಪೇಕ್ಷಣೀಯ, ಏಕೆಂದರೆ ಅದೇ ವಿಮಾನದಲ್ಲಿ ಮುಂದಿನ ಪಾಳಿಯಲ್ಲಿ ಕುಳಿತುಕೊಳ್ಳುವವರು ಇನ್ನೊಬ್ಬ ಶಿಕ್ಷಣಾರ್ಥಿ.

ಬಾಲದಲ್ಲಿ ಚಕ್ರವಿರುವ ವಿಮಾನಗಳು

ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತಯಾರಿಸಿ, 1958ರಲ್ಲಿ ಮೊದಲ ಬಾರಿಗೆ ಹಾರಿದ ಪುಷ್ಪಕ್ ವಿಮಾನವು ಬಾಲಚಕ್ರದ ಮಾದರಿಯಾಗಿತ್ತು. ಇಂತಹ ವಿಮಾನಗಳಲ್ಲಿ ಟೋ-ಇನ್ ಹೆಚ್ಚಾಗಿದ್ದರೆ ಟೈರಿಗಿಂತ ದೊಡ್ಡ ಹಾನಿಯ ಸಂಭವವಿದೆ. ವಿಮಾನವು ಎಡಕ್ಕೆ ತಿರುಗಲಾರಂಭಿಸಿದಾಗ ಭಾರವು ಬಲಚಕ್ರದ ಮೇಲೆ ಬೀಳುತ್ತದೆ. ಆ ಚಕ್ರ ಒಳಮುಖವಾಗಿ, ಅಂದರೆ ಎಡಕ್ಕೇ ನೋಡುತ್ತಿರುವುದರಿಂದ ತಿರುವು ಇನ್ನಷ್ಟು ಬಿಗಿಯಾಗುತ್ತದೆ. ಗುರುತ್ವಕೇಂದ್ರವು ಮುಖ್ಯ ಚಕ್ರಗಳಿಗಿಂತ ಹಿಂದಿರುವ ಈ ವಿಮಾನಗಳು ನೆಲದ ಮೇಲೆಯೇ ಗಿರಕಿ ಹೊಡೆಯಲು ಇಷ್ಟು ಸಾಕು. ಬಾಲ ಎತ್ತಿದ ಮತ್ತು ಬಾಲ ಇಳಿಸಿದ ಎರಡೂ ಸ್ಥಿತಿಗಳಲ್ಲಿ ಅಳತೆ ಬೇರೆಯಾಗುವುದರಿಂದ ಯಾವ ಸ್ಥಿತಿಯಲ್ಲಿ ಅಳೆಯಬೇಕೆಂಬುದನ್ನು ಕೈಪಿಡಿಯಿಂದ ಖಚಿತಪಡಿಸಿಕೊಳ್ಳಬೇಕು.

ಮಳೆಗಾಲದಲ್ಲಿ ವಿಶೇಷ ಎಚ್ಚರಿಕೆ

ನೀರು ನಿಂತ ರನ್‌ವೇಯಲ್ಲಿ ಒಂದು ವೇಗವನ್ನು ಮೀರಿದರೆ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕಾಗಲಿ ಚಕ್ರದ ಹಿಡಿತವಾಗಲಿ ಇರುವುದಿಲ್ಲ. ನಾಸಾ ಸಂಸ್ಥೆಯು 1960ರ ದಶಕದಲ್ಲಿ ನಡೆಸಿದ ಸಂಶೋಧನೆಯಿಂದ ಬಂದ ಸೂತ್ರದಂತೆ, ಪಿಎಸ್‌ಐನಲ್ಲಿರುವ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ಈ ವೇಗವು ನಾಟ್‌ಗಳಲ್ಲಿ ದೊರೆಯುತ್ತದೆ. 42 ಪಿಎಸ್‌ಐ ಇರುವ ಟೈರಿಗೆ ಇದು ಸುಮಾರು 58 ನಾಟ್. 21 ಪಿಎಸ್‌ಐಗೆ ಸುಮಾರು 41 ನಾಟ್. ಒತ್ತಡವು 15 ಪಿಎಸ್‌ಐಗೆ ಇಳಿದಿದ್ದರೆ ಕೇವಲ 35 ನಾಟ್. ಇನ್ನೂ ತಿರುಗಲು ಆರಂಭಿಸದ ಚಕ್ರಕ್ಕೆ ಈ ಅಂಕಿಗಳು ಮತ್ತಷ್ಟು ಕಡಿಮೆ. ಇಷ್ಟಲ್ಲದೆ, ನೀರನ್ನು ಪಕ್ಕಕ್ಕೆ ಸಾಗಿಸುವುದು ಗ್ರೂವ್‌ಗಳ ಕೆಲಸ. ಬೇಸಿಗೆಯಲ್ಲಿ ಇನ್ನೂ ಕೆಲವು ಹಾರಾಟಗಳಿಗೆ ಸಾಕೆನಿಸುವ ಟೈರನ್ನು ಮುಂಗಾರು ಆರಂಭವಾಗುವ ಮುನ್ನವೇ ಬದಲಾಯಿಸುವುದು ಸೂಕ್ತ.

ಸಾಮಾನ್ಯ ನಿಯಮವಾಗಿ, ಟೈರಿನ ಯಾವುದೇ ಒಂದು ಜಾಗದಲ್ಲಿ ಸವೆತವು ಗ್ರೂವ್‌ನ ತಳವನ್ನು ಮುಟ್ಟಿದಾಗ ಅದನ್ನು ಸೇವೆಯಿಂದ ತೆಗೆಯತಕ್ಕದ್ದು. ಉಳಿದ ಮೂರು ಭಾಗ ಹೊಸದರಂತಿದೆ ಎಂಬುದು ವಿನಾಯಿತಿಗೆ ಆಧಾರವಾಗುವುದಿಲ್ಲ. ನೈಲಾನ್ ಎಳೆ ಕಾಣಿಸಿದಲ್ಲಿ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಚಕ್ರವನ್ನು ಬಿಚ್ಚುವಾಗ

ಲಘು ವಿಮಾನದ ರಿಮ್ ಎರಡು ಹೋಳುಗಳಾಗಿದ್ದು ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಟ್ಯೂಬಿನ ಗಾಳಿಯನ್ನು ಪೂರ್ಣವಾಗಿ ತೆಗೆಯದೆ ಈ ಬೋಲ್ಟುಗಳನ್ನು ಸಡಿಲಿಸಿದರೆ ಎರಡು ಹೋಳುಗಳು ಸಿಡಿದು ಪ್ರಾಣಾಪಾಯವಾಗುತ್ತದೆ. ಕಾರು ಮತ್ತು ದ್ವಿಚಕ್ರ ವಾಹನಗಳ ಪಂಕ್ಚರ್ ಅಂಗಡಿಗಳಿಗೆ ಈ ರಚನೆ ಪರಿಚಿತವಲ್ಲದ ಕಾರಣ, ತುರ್ತು ಎಂಬ ನೆಪದಿಂದ ವಿಮಾನದ ಚಕ್ರವನ್ನು ಅಲ್ಲಿಗೆ ಕಳುಹಿಸುವುದನ್ನು ಕಟ್ಟುನಿಟ್ಟಾಗಿ ತಪ್ಪಿಸತಕ್ಕದ್ದು. ಮರುಜೋಡಣೆಯಲ್ಲಿ ಟೈರಿನ ಮೇಲಿನ ಕೆಂಪು ಚುಕ್ಕೆಯು ಅದರ ಹಗುರ ಭಾಗವನ್ನು ಸೂಚಿಸುತ್ತದೆ. ಅದನ್ನು ಟ್ಯೂಬಿನ ಭಾರದ ಗುರುತಿಗೆ, ಗುರುತಿಲ್ಲದಿದ್ದರೆ ವಾಲ್ವಿಗೆ ಎದುರಾಗಿ ಇರಿಸಬೇಕು. ಹೊಸ ನೈಲಾನ್ ಟೈರು ಗಾಳಿ ತುಂಬಿದ ಮೊದಲ 12 ಗಂಟೆಗಳಲ್ಲಿ ಹಿಗ್ಗುವುದರಿಂದ ಒತ್ತಡವನ್ನು ಪುನಃ ನೋಡಿದ ನಂತರವೇ ಹಾರಾಟಕ್ಕೆ ಬಿಡುವುದು ಉತ್ತಮ.

ಹೊಣೆಗಾರಿಕೆ ಮತ್ತು ದಾಖಲೆ

ಹಾರಾಟಕ್ಕೆ ಮುನ್ನ ಟೈರನ್ನು ನೋಡುವುದು ಪೈಲಟ್ ಮತ್ತು ಶಿಕ್ಷಣಾರ್ಥಿಯ ಕರ್ತವ್ಯ. ಅಲೈನ್‌ಮೆಂಟನ್ನು ಬದಲಾಯಿಸುವುದು ಅವರ ಕೆಲಸವಲ್ಲ. ತರಬೇತಿ ಸಂಸ್ಥೆಗಳಲ್ಲಿ ಈ ದುರಸ್ತಿಯನ್ನು ತಯಾರಕರ ಕೈಪಿಡಿಯಂತೆ ನಡೆಸಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಪರವಾನಗಿ ಪಡೆದ ಹಾಗೂ ಆ ಮಾದರಿಗೆ ಅಧಿಕಾರವಿರುವ ವಿಮಾನ ನಿರ್ವಹಣಾ ಎಂಜಿನಿಯರು ಪ್ರಮಾಣೀಕರಿಸಬೇಕಾಗುತ್ತದೆ.

ಟೈರು ಖರೀದಿಯ ಕಡತದಲ್ಲಿ ಸಾಮಾನ್ಯವಾಗಿ ದಿನಾಂಕ ಮತ್ತು ಬೆಲೆ ಮಾತ್ರ ಇರುತ್ತವೆ. ಇವುಗಳಿಂದ ದೋಷ ತಿಳಿಯುವುದಿಲ್ಲ. ಒಂದು ಟೈರು ಆರು ತಿಂಗಳು ಬಂತು ಎಂಬುದಕ್ಕಿಂತ ಎಷ್ಟು ಇಳಿತಗಳಿಗೆ ಬಂತು ಎಂಬುದೇ ಉಪಯುಕ್ತವಾದ ಅಂಕಿ. ಉದಾಹರಣೆಗೆ, ಒಂದು ವಿಮಾನದ ಎಡ ಟೈರು 600 ಇಳಿತಗಳಿಗೂ ಬಲ ಟೈರು 350 ಇಳಿತಗಳಿಗೂ ಬದಲಾದಲ್ಲಿ, ಕಡತವನ್ನು ನೋಡುವ ಗುಮಾಸ್ತರಿಗೂ ಬಲಗಡೆ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಪ್ರತಿ ವಿಮಾನಕ್ಕೂ ಪ್ರತ್ಯೇಕ ವಹಿಯನ್ನಿರಿಸಿ, ಟೈರಿನ ಕ್ರಮಸಂಖ್ಯೆ, ಯಾವ ಕಡೆಗೆ ಹಾಕಲಾಯಿತು, ಹಾಕಿದಾಗ ಮತ್ತು ತೆಗೆದಾಗ ಇದ್ದ ಒಟ್ಟು ಇಳಿತಗಳ ಸಂಖ್ಯೆ, ತಿರುಗಿಸಿ ಹಾಕಿದ ದಿನ, ತೆಗೆದಾಗ ಒಳ ಅಂಚು, ನಡು ಮತ್ತು ಹೊರ ಅಂಚಿನಲ್ಲಿ ಉಳಿದಿದ್ದ ಗ್ರೂವ್‌ನ ಆಳ, ಹಾಗೂ ಕೈಯಿಂದ ಸವರಿದಾಗ ಚೂಪು ಯಾವ ಮುಖವಾಗಿತ್ತು ಎಂಬ ವಿವರಗಳನ್ನು ನಮೂದಿಸತಕ್ಕದ್ದು. ತೆಗೆದ ಟೈರನ್ನು ವಿಲೇವಾರಿ ಮಾಡುವ ಮುನ್ನ ಅದರ ಮೇಲೆ ವಿಮಾನದ ನೋಂದಣಿ ಸಂಖ್ಯೆ, ಎಡ ಅಥವಾ ಬಲ, ಹೊರಮಗ್ಗುಲು ಯಾವುದು ಎಂಬುದನ್ನು ಸುಣ್ಣದ ಕಡ್ಡಿಯಿಂದ ಬರೆದು, ಎಂಜಿನಿಯರು ನೋಡಿ ಸಹಿ ಮಾಡುವವರೆಗೆ ಉಗ್ರಾಣದಲ್ಲಿ ಇರಿಸಿಕೊಳ್ಳತಕ್ಕದ್ದು.